ತಲೆಯ ಪೆಟ್ಟು ಮತ್ತು ಮಿದುಳಿನ ಶಸ್ತ್ರಚಿಕಿತ್ಸೆ



ಮಿದುಳಿನ ಶಸ್ತ್ರಚಿಕಿತ್ಸೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ನಗರದ ದೊಡ್ಡ ಆಸ್ಪತ್ರೆ, ಅಲ್ಲಿಯ ಪ್ರಖರವಾದ ದೀಪಗಳು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಿಂತ ಶಸ್ತ್ರವೈದ್ಯರು. ಈ ಚಿತ್ರ ಸುಳ್ಳಲ್ಲ, ಆದರೆ ಅಪೂರ್ಣವಾದದ್ದು. ತಲೆಗೆ ಪೆಟ್ಟು ಬಿದ್ದವನ ಮಟ್ಟಿಗೆ ಚಿಕಿತ್ಸೆ ಮೊದಲಾಗುವುದು ಅವನು ಬಿದ್ದ ಜಾಗದಲ್ಲಿ. ಮುಗಿಯುವುದು ಅವನು ಮನೆಗೆ ಮರಳಿ ತನ್ನ ಕೆಲಸಕ್ಕೆ ಕೈಹಾಕಿದ ದಿನ. ಇವೆರಡರ ನಡುವೆ ಶಸ್ತ್ರಶಾಲೆಯಲ್ಲಿ ಕಳೆಯುವ ಕಾಲ ಕೆಲವು ಗಂಟೆಗಳು ಮಾತ್ರ. ಈ ಸಂಗತಿಯನ್ನು ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿದ್ದೇನೆ.

ಈ ನಾಲ್ಕು ತಾಲ್ಲೂಕುಗಳೂ ಘಟ್ಟದ ಮೇಲಿನವು. ಜಿಲ್ಲೆಯ ಕಚೇರಿಗಳಿರುವುದು ಘಟ್ಟದ ಕೆಳಗೆ ಕಡಲಂಚಿನ ಕಾರವಾರದಲ್ಲಿ. ಆದರೆ ತಲೆಯೊಡೆದವನನ್ನು ಹೊತ್ತ ಗಾಡಿ ಇಲ್ಲಿಂದ ಸಾಮಾನ್ಯವಾಗಿ ಪಡುವಣಕ್ಕೆ ಇಳಿಯುವುದಿಲ್ಲ. ಮೂಡಣಕ್ಕೆ, ಧಾರವಾಡ ಹುಬ್ಬಳ್ಳಿಗಳ ಕಡೆಗೆ ಓಡುತ್ತದೆ. ಮುಂಡಗೋಡದವರಿಗೆ ಹುಬ್ಬಳ್ಳಿ ಸುಮಾರು 50 ಕಿಲೋಮೀಟರು. ಹಳಿಯಾಳದವರಿಗೆ ಧಾರವಾಡ ಇನ್ನೂ ಹತ್ತಿರ. ಕಾಳಿಯ ದಡದಲ್ಲಿ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ದಾಂಡೇಲಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರು. ಜೋಯಿಡಾದ ಮಾತು ಬೇರೆ. ಹಿಂದೆ ಇದು ಸೂಪಾ ತಾಲ್ಲೂಕು. ಕಾಳಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಸೂಪಾ ಮುಳುಗಿದ ಮೇಲೆ ಜೋಯಿಡಾ ಅದರ ಕೇಂದ್ರವಾಯಿತು. ಇಲ್ಲಿಯ ಹಳ್ಳಿಗಳು ಕಾಡಿನಲ್ಲಿ ಚದುರಿಹೋಗಿವೆ. ಕೆಲವು ಕೇರಿಗಳಿಂದ ಡಾಂಬರು ರಸ್ತೆಯನ್ನು ಮುಟ್ಟುವುದೇ ಮಳೆಗಾಲದಲ್ಲಿ ಒಂದು ಪ್ರಯಾಣ. ಅಲ್ಲಿಂದ ಮುಂದೆ ದಾಂಡೇಲಿ, ದಾಂಡೇಲಿಯಿಂದ ಮುಂದೆ ಧಾರವಾಡ.

ಇಲ್ಲಿ ತಲೆಗೆ ಪೆಟ್ಟು ಬೀಳುವುದಕ್ಕೆ ಕಾರಣಗಳು ಅನೇಕ. ಬೈಕಿನಿಂದ ಬೀಳುವುದು ಎಲ್ಲ ಊರಿನಲ್ಲಿಯೂ ಇರುವಂತೆ ಇಲ್ಲಿಯೂ ಉಂಟು. ಹಳಿಯಾಳದ ಕಡೆ ಕಬ್ಬಿನ ಸುಗ್ಗಿಯಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರು ರಾತ್ರಿ ರಸ್ತೆಯಲ್ಲಿ ನಿಂತಿದ್ದರೆ ಸವಾರನಿಗೆ ಅದು ಗೋಡೆಯೇ ಸರಿ. ಕಾಡಿನ ಸೀಮೆಯಲ್ಲಿ ಜೇನಿಗೆಂದೋ ಹಲಸಿಗೆಂದೋ ಮರ ಹತ್ತಿದವನು ಕಾಲು ಜಾರಿ ಬೀಳುತ್ತಾನೆ.

ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳೋಣ. ಸಂಜೆ ಸಂತೆ ಮುಗಿಸಿ ಬೈಕಿನಲ್ಲಿ ಮನೆಗೆ ಬರುತ್ತಿದ್ದಾನೆ. ತಲೆಗೆ ಹೆಲ್ಮೆಟ್ಟಿಲ್ಲ. ತಿರುವಿನಲ್ಲಿ ಜಾರಿ ಬಿದ್ದು, ಕಿವಿಯ ಮುಂದಣ ಕಪಾಲದ ಭಾಗ ಕಲ್ಲಿಗೆ ತಗಲಿತು. ಒಂದೆರಡು ನಿಮಿಷ ಎಚ್ಚರ ತಪ್ಪಿತು. ಅನಂತರ ಎದ್ದು ಕುಳಿತ, ನೀರು ಕುಡಿದ, ತನ್ನ ಹೆಸರನ್ನೂ ಊರನ್ನೂ ಸರಿಯಾಗಿ ಹೇಳಿದ. ಸುತ್ತಲಿದ್ದವರು ದೇವರು ದೊಡ್ಡವನೆಂದು ಹೇಳಿ ಮನೆಗೆ ತಲುಪಿಸಿದರು. ತಲೆನೋವೆಂದಾಗ ಒಂದು ಮಾತ್ರೆ ಕೊಟ್ಟು, ನಿದ್ದೆ ಮಾಡಿದರೆ ಸರಿಹೋಗುತ್ತದೆಂದು ಮಲಗಿಸಿದರು. ಬೆಳಗ್ಗೆ ಅವನು ಏಳಲಿಲ್ಲ.

ಇದು ಹೇಗಾಯಿತು? ಕಿವಿಯ ಮುಂದೆ, ಕಪೋಲದ ಮೇಲ್ಗಡೆ, ತಲೆಬುರುಡೆ ಬಹಳ ತೆಳುವಾಗಿದೆ. ಅದರ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹರಿಯುತ್ತದೆ. ಎಲುಬು ಬಿರಿದಾಗ ಆ ನಾಳವೂ ಹರಿದು, ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ಸೋರಿ ಗಡ್ಡೆ ಕಟ್ಟತೊಡಗುತ್ತದೆ. ಬುರುಡೆ ಹಿಗ್ಗುವ ಚೀಲವಲ್ಲ, ಗಟ್ಟಿಯಾದ ಪೆಟ್ಟಿಗೆ. ಒಳಗೆ ರಕ್ತ ಹೆಚ್ಚಿದಷ್ಟೂ ಮಿದುಳು ಒತ್ತಿಹೋಗಬೇಕು. ಮೊದಲು ಸ್ವಲ್ಪ ಹೊತ್ತು ಮಿದುಳು ಆ ಒತ್ತಡವನ್ನು ತಾಳಿಕೊಳ್ಳುತ್ತದೆ. ಆಗಲೇ ಗಾಯಾಳು ಸ್ವಸ್ಥನಂತೆ ಮಾತನಾಡುವುದು. ತಾಳ್ಮೆ ಮೀರಿದಾಗ ಮಂಪರು, ವಾಂತಿ, ಒಂದು ಕಣ್ಣಿನ ಪಾಪೆ ಹಿಗ್ಗುವುದು, ಕೊನೆಗೆ ಉಸಿರು ನಿಲ್ಲುವುದು. ಈ ನಡುವಣ ಸ್ವಸ್ಥತೆಯ ಅವಧಿಯನ್ನು ಜನ ಗುಣವಾಯಿತೆಂದು ಭಾವಿಸುತ್ತಾರೆ. ನಿಜವಾಗಿ ಅದು ಪ್ರಕೃತಿ ನಮಗೆ ಕೊಟ್ಟ ವಾಯಿದೆ. ಆ ವಾಯಿದೆಯೊಳಗೆ ಬುರುಡೆಯನ್ನು ತೆರೆದು ಗಡ್ಡೆಯನ್ನು ತೆಗೆದು ನಾಳವನ್ನು ಮುಚ್ಚಿದರೆ, ಅನೇಕರು ಯಾವ ಊನವೂ ಇಲ್ಲದೆ ಬದುಕುತ್ತಾರೆ. ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಇಷ್ಟು ಸುಲಭವಾಗಿ ಉಳಿಸಬಹುದಾದ, ಇಷ್ಟು ಸುಲಭವಾಗಿ ಕಳೆದುಕೊಳ್ಳಬಹುದಾದ ಜೀವ ಬೇರೊಂದಿಲ್ಲ.

ಒಳಗಿನ ರಕ್ತವನ್ನು ಹೊರಗಿನಿಂದ ಕಾಣುವುದು ಹೇಗೆ? 1971ರ ವರೆಗೆ ಅದು ಬಹುಮಟ್ಟಿಗೆ ಊಹೆಯ ಮಾತಾಗಿತ್ತು. ಆ ವರ್ಷ ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಿಂದ ಮೊದಲ ಬಾರಿ ಜೀವಂತ ಮನುಷ್ಯನ ಮಿದುಳಿನ ಸಿ.ಟಿ. ಚಿತ್ರವನ್ನು ತೆಗೆದರು. 1974ರಲ್ಲಿ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಯಂತ್ರವೇ ಬೇಡದ ಒಂದು ಅಳತೆಗೋಲನ್ನು ಕೊಟ್ಟರು. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಹೀಗೆ ಒಟ್ಟು 15 ಅಂಕಗಳು. ಪೂರ್ಣ ಎಚ್ಚರವಿದ್ದವನಿಗೆ 15. ಯಾವುದಕ್ಕೂ ಓಗೊಡದವನಿಗೆ 3. ಜೋಯಿಡಾದ ದವಾಖಾನೆಯಲ್ಲಿ ದಾದಿ ಬರೆದ ಈ ಅಂಕವನ್ನು ಹುಬ್ಬಳ್ಳಿಯ ಶಸ್ತ್ರವೈದ್ಯನು ದೂರವಾಣಿಯಲ್ಲಿ ಕೇಳಿ ಅರ್ಥಮಾಡಿಕೊಳ್ಳಬಲ್ಲನು. 14 ಇದ್ದದ್ದು ಗಂಟೆಯೊಳಗೆ 11ಕ್ಕೆ ಇಳಿದರೆ, ಶಸ್ತ್ರಶಾಲೆಯನ್ನು ಸಿದ್ಧಮಾಡಿಕೊಳ್ಳಲು ಅದಕ್ಕಿಂತ ಸ್ಪಷ್ಟವಾದ ಕರೆ ಬೇಕಿಲ್ಲ.

ಆದರೆ ಒಂದು ಎಚ್ಚರಿಕೆ. ಮಾತಿನ 5 ಅಂಕಗಳು ಭಾಷೆಗೆ ಕಟ್ಟುಬಿದ್ದಿವೆ. ಜೋಯಿಡಾದ ಕುಣಬಿ ಅಜ್ಜಿಯ ಮನೆಮಾತು ಕೊಂಕಣಿ. ಹಳಿಯಾಳ ಮುಂಡಗೋಡಗಳ ಸಿದ್ದಿ ಜನರದೂ ಕೊಂಕಣಿಯ ಒಂದು ಬಗೆ. ಮರಾಠಿಯಾಡುವ ಮನೆಗಳು ಹಳಿಯಾಳದಲ್ಲಿ ಬಹಳ. 1966ರಿಂದ ಮುಂಡಗೋಡದಲ್ಲಿ ನೆಲೆನಿಂತ ಟಿಬೆಟನ್ನರಲ್ಲಿ ವೃದ್ಧರು ತಮ್ಮ ಭಾಷೆಯೊಂದನ್ನೇ ಬಲ್ಲವರಾಗಿರಬಹುದು. ಇಂಥವರನ್ನು ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಪ್ರಶ್ನಿಸಿ, ಉತ್ತರ ಬಾರದಿದ್ದಾಗ ಮಿದುಳು ಮಂಕಾಗಿದೆಯೆಂದು ಬರೆದುಕೊಂಡರೆ ಅದು ಅಳತೆಯ ತಪ್ಪು. ರೋಗಿಯ ಮಗ್ಗುಲಲ್ಲಿ ಅವನ ಭಾಷೆ ಬಲ್ಲ ನೆಂಟನೊಬ್ಬನನ್ನು ನಿಲ್ಲಿಸಿಕೊಳ್ಳುವುದೂ ರೋಗಪರೀಕ್ಷೆಯ ಒಂದು ಅಂಗವೇ.

ಇನ್ನು ಸಂಶೋಧನೆಯ ವಿಷಯ. ಆಸ್ಪತ್ರೆಯಲ್ಲಿ ಸಂಶೋಧನೆ ಎಂದರೆ ನಮ್ಮ ಜನ ಹೆದರುತ್ತಾರೆ. ತಮ್ಮನ್ನು ಇಲಿಮೊಲಗಳಂತೆ ಪ್ರಯೋಗಕ್ಕೆ ಬಳಸಿಕೊಳ್ಳುವರೆಂದು ಶಂಕಿಸುತ್ತಾರೆ. ಸಂಶೋಧನೆ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇನೆ. ತಲೆಗೆ ಪೆಟ್ಟು ಬಿದ್ದಾಗ ಮಿದುಳು ಊದಿಕೊಳ್ಳುವುದುಂಟು. ಸ್ಟೀರಾಯ್ಡ್ ಎಂಬ ಔಷಧಿಗಳು ಊತವನ್ನು ಇಳಿಸುತ್ತವೆ. ಆದಕಾರಣ ತಲೆಯ ಪೆಟ್ಟಿಗೆ ಸ್ಟೀರಾಯ್ಡ್ ಕೊಡುವುದು ಯುಕ್ತವೆಂದು ಹಲವು ದೇಶಗಳ ವೈದ್ಯರು ಹಲವು ದಶಕಗಳ ಕಾಲ ನಂಬಿದ್ದರು. ತರ್ಕದಲ್ಲಿ ಲೋಪವಿರಲಿಲ್ಲ, ವೈದ್ಯರ ಕರುಣೆಯಲ್ಲಿಯೂ ಕೊರತೆಯಿರಲಿಲ್ಲ. ಕೊನೆಗೆ ‘ಕ್ರ್ಯಾಶ್’ ಎಂಬ ಹೆಸರಿನ ಪರೀಕ್ಷೆಯನ್ನು ನಡೆಸಿದರು. 49 ದೇಶಗಳ 10,008 ಗಾಯಾಳುಗಳನ್ನು, ಚೀಟಿ ಎತ್ತಿದಂತೆ, ಎರಡು ಪಂಗಡಗಳಾಗಿ ವಿಂಗಡಿಸಿ, ಒಂದು ಪಂಗಡಕ್ಕೆ ಸ್ಟೀರಾಯ್ಡನ್ನೂ ಇನ್ನೊಂದಕ್ಕೆ ಅದರಂತೆಯೇ ತೋರುವ ನಿರೌಷಧ ದ್ರವವನ್ನೂ ಕೊಟ್ಟರು. ಯಾರಿಗೆ ಯಾವುದೆಂದು ವೈದ್ಯರಿಗೂ ತಿಳಿಯದು. 2004ರಲ್ಲಿ ಲೆಕ್ಕ ಹೊರಬಿತ್ತು. ಎರಡು ವಾರಗಳೊಳಗೆ ನಿರೌಷಧದವರಲ್ಲಿ ಸತ್ತವರು ನೂರಕ್ಕೆ 17.9, ಸ್ಟೀರಾಯ್ಡಿನವರಲ್ಲಿ 21.1. ನೂರು ಜನರಲ್ಲಿ ಮೂವರನ್ನು ಆ ಔಷಧಿಯೇ ಹೆಚ್ಚಾಗಿ ಕೊಂಡೊಯ್ದಿತ್ತು. ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿದರು. ಒಬ್ಬ ವೈದ್ಯನು ತನ್ನ ಆಸ್ಪತ್ರೆಯಲ್ಲಿ ಕುಳಿತು ಈ ಮೂವರನ್ನು ಕಾಣಲಾರನು. ಸಾವಿರಗಟ್ಟಲೆ ಜನರ ಲೆಕ್ಕವನ್ನು ಕೂಡಿಸಿದಾಗ ಮಾತ್ರ ಸತ್ಯ ಗೋಚರವಾಯಿತು.

ಎರಡನೆಯ ನಿದರ್ಶನ ನಮ್ಮ ಕಾಡುದಾರಿಗೆ ನೇರವಾಗಿ ಸಂಬಂಧಿಸಿದ್ದು. ಟ್ರಾನೆಕ್ಸಾಮಿಕ್ ಆಮ್ಲವೆಂಬುದು ರಕ್ತ ಸೋರುವುದನ್ನು ತಗ್ಗಿಸುವ ಅಗ್ಗದ ಔಷಧಿ. ಅದನ್ನು ಕಂಡುಹಿಡಿದವರು ಜಪಾನಿನ ಉತಾಕೋ ಒಕಾಮೊತೋ ಎಂಬ ವಿದುಷಿ ಮತ್ತು ಅವರ ಪತಿ. 2019ರಲ್ಲಿ ಪ್ರಕಟವಾದ ಮೂರನೆಯ ‘ಕ್ರ್ಯಾಶ್’ ಪರೀಕ್ಷೆಯಲ್ಲಿ 29 ದೇಶಗಳ 12,737 ಗಾಯಾಳುಗಳಿದ್ದರು. ಎಲ್ಲರನ್ನೂ ಒಟ್ಟಾಗಿ ನೋಡಿದರೆ ಪ್ರಯೋಜನ ಸ್ಪಷ್ಟವಾಗಿರಲಿಲ್ಲ. ಅತಿ ತೀವ್ರವಾದ ಗಾಯದವರಲ್ಲಿಯೂ ಕಾಣಲಿಲ್ಲ. ಆದರೆ ಸಾಧಾರಣ ಮತ್ತು ಮಧ್ಯಮ ತೀವ್ರತೆಯ ಗಾಯದವರಿಗೆ, ಪೆಟ್ಟು ಬಿದ್ದ ಮೂರು ಗಂಟೆಗಳೊಳಗೆ ಕೊಟ್ಟಾಗ, ತಲೆಯ ಗಾಯದಿಂದಾಗುವ ಸಾವು ನೂರಕ್ಕೆ 7.5ರಿಂದ 5.8ಕ್ಕೆ ಇಳಿಯಿತು. ಬೇಗ ಕೊಟ್ಟಷ್ಟೂ ಗುಣ ಹೆಚ್ಚು. ಮೂರು ಗಂಟೆ ಎಂದರೆ ನಮ್ಮ ಹಿರಿಯರ ಲೆಕ್ಕದಲ್ಲಿ ಏಳೂವರೆ ಗಳಿಗೆ. ಕಾಡಿನ ಕೇರಿಯಿಂದ ಜೋಯಿಡಾಕ್ಕೆ, ಅಲ್ಲಿಂದ ದಾಂಡೇಲಿಗೆ, ಅಲ್ಲಿಂದ ಹುಬ್ಬಳ್ಳಿಗೆ ಎಂದು ಕೂಡಿಸಿದರೆ ಈ ಏಳೂವರೆ ಗಳಿಗೆ ದಾರಿಯಲ್ಲಿಯೇ ಕರಗುವುದುಂಟು. ಆದುದರಿಂದ ಇಂಥ ಔಷಧಿ ದೊಡ್ಡ ಆಸ್ಪತ್ರೆಯ ಕಪಾಟಿನಲ್ಲಿದ್ದರೆ ಸಾಲದು. ಮೊದಲ ದವಾಖಾನೆಯಲ್ಲಿ, ಬಲ್ಲ ವೈದ್ಯರ ಕೈಯಲ್ಲಿ, ಇರತಕ್ಕದ್ದು. 2022ರಲ್ಲಿ ಉತ್ತರ ಕನ್ನಡದ ಜನರು ತಮ್ಮ ಜಿಲ್ಲೆಗೆ ಸುಸಜ್ಜಿತವಾದ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಒಕ್ಕೊರಲಿನಿಂದ ಕೇಳಿದರು. ಅದೇ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ರೋಗಿಯನ್ನು ದಕ್ಷಿಣಕ್ಕೆ ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಸುಂಕದ ಕಟ್ಟೆಗೆ ಬಡಿದು ನಾಲ್ವರು ಮೃತರಾದರು. ಆ ಕೂಗಿನ ಹಿಂದಿದ್ದ ನೋವನ್ನು ಈ ಗಳಿಗೆಗಳ ಲೆಕ್ಕದಿಂದಲೂ ಅರಿಯಬಹುದು.

ಮೂರನೆಯ ನಿದರ್ಶನ ವೃದ್ಧರಿಗೆ ಸಂಬಂಧಿಸಿದ್ದು. ಮುದುಕರಿಗೆ ಬಾಗಿಲು ತಗಲಿದಷ್ಟು ಸಣ್ಣ ಪೆಟ್ಟಿನಿಂದಲೂ ಮಿದುಳಿನ ಪೊರೆಯ ಕೆಳಗೆ ರಕ್ತ ಮೆಲ್ಲಮೆಲ್ಲನೆ ಕೂಡಬಹುದು. ವಾರಗಳ ಮೇಲೆ ನಡಿಗೆ ತಡವರಿಸುತ್ತದೆ, ಮಾತು ತಪ್ಪುತ್ತದೆ. ಮನೆಯವರು ಅದನ್ನು ಅರಳುಮರಳೆಂದು ತಿಳಿದು ಸುಮ್ಮನಾಗುತ್ತಾರೆ. ಬುರುಡೆಯಲ್ಲಿ ಒಂದೆರಡು ರಂಧ್ರ ಕೊರೆದು ಹಳೆಯ ರಕ್ತವನ್ನು ಹೊರಬಿಟ್ಟರೆ, ಅಜ್ಜ ಅನೇಕ ವೇಳೆ ಮೊದಲಿನಂತಾಗುತ್ತಾನೆ. ಆದರೆ ರಕ್ತ ಮತ್ತೆ ಕೂಡುವ ಭಯವಿತ್ತು. 2009ರಲ್ಲಿ ಕೇಂಬ್ರಿಜಿನ ವೈದ್ಯರು 215 ರೋಗಿಗಳಲ್ಲಿ ಪರೀಕ್ಷಿಸಿ, ಶಸ್ತ್ರಕ್ರಿಯೆಯ ತರುವಾಯ ಎರಡು ದಿನ ಒಂದು ಮೆದುವಾದ ನಳಿಕೆಯನ್ನು ಇರಿಸಿದರೆ, ಮತ್ತೆ ರಕ್ತ ಕೂಡುವುದು ನೂರಕ್ಕೆ 24ರಿಂದ ಸುಮಾರು 9ಕ್ಕೆ ಇಳಿಯುತ್ತದೆಂದು ತೋರಿಸಿದರು. ಹೊಸ ಯಂತ್ರವೂ ಇಲ್ಲ, ದುಬಾರಿ ಔಷಧಿಯೂ ಇಲ್ಲ. ಒಂದು ನಳಿಕೆ ಮಾತ್ರ.

ಹೀಗೆ ಪರೀಕ್ಷೆ ಅವಶ್ಯಕವೆಂದು ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಮೂರ್ಛೆಹೋದವನ ಒಪ್ಪಿಗೆಯನ್ನು ಯಾರು ಕೊಡಬೇಕು, ಹೇಗೆ ಕೊಡಬೇಕು?

ಇಲ್ಲಿ ಒಂದು ಹಳೆಯ ಕಥೆ ನೆನಪಿಗೆ ಬರುತ್ತದೆ. ಬೌದ್ಧರ ವಿನಯಪಿಟಕದಲ್ಲಿ ಜೀವಕನೆಂಬ ವೈದ್ಯನ ವೃತ್ತಾಂತವಿದೆ. ರಾಜಗೃಹದ ಶ್ರೇಷ್ಠಿಯೊಬ್ಬನಿಗೆ ಬಹುಕಾಲದ ಶಿರೋರೋಗ. ಒಂದು ಮಗ್ಗುಲಲ್ಲಿ ಏಳು ತಿಂಗಳು, ಇನ್ನೊಂದು ಮಗ್ಗುಲಲ್ಲಿ ಏಳು ತಿಂಗಳು, ಅಂಗಾತ ಏಳು ತಿಂಗಳು ಮಲಗಬಲ್ಲೆಯಾ ಎಂದು ಜೀವಕನು ಮೊದಲು ಕೇಳಿದನು. ಶ್ರೇಷ್ಠಿ ಒಪ್ಪಿದ ಮೇಲೆ ಕಪಾಲವನ್ನು ತೆರೆದು ಎರಡು ಕ್ರಿಮಿಗಳನ್ನು ತೆಗೆದು ಹೊಲಿದನು. ಶ್ರೇಷ್ಠಿಗೆ ಒಂದೊಂದು ಭಂಗಿಯಲ್ಲಿ ಏಳೇಳು ದಿನಕ್ಕಿಂತ ಹೆಚ್ಚು ಮಲಗಲಾಗಲಿಲ್ಲ. ಇಪ್ಪತ್ತೊಂದು ದಿನಗಳಲ್ಲಿಯೇ ಗುಣವಾಯಿತು. ತಿಂಗಳುಗಳ ಮಾತನ್ನು ಆಡದಿದ್ದರೆ ನೀನು ಇಷ್ಟು ದಿನವೂ ಮಲಗುತ್ತಿರಲಿಲ್ಲವೆಂದು ಜೀವಕನು ಆಮೇಲೆ ತಿಳಿಸಿದನಂತೆ. ಇದೇ ವಿನಯದ ಪರಂಪರೆಯನ್ನು ಪಾಲಿಸುವ ಭಿಕ್ಷುಗಳ ವಿಹಾರಗಳು ಇಂದು ಮುಂಡಗೋಡದಲ್ಲಿವೆ. ಅಲ್ಲಿಯ ಡ್ರೆಪುಂಗ್ ವಿಹಾರದಲ್ಲಿ 2013ರ ಜನವರಿಯಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ದೇಶವಿದೇಶಗಳ ವಿಜ್ಞಾನಿಗಳು ಮನಸ್ಸು ಮತ್ತು ಮಿದುಳುಗಳನ್ನು ಕುರಿತು ದಿನಗಟ್ಟಲೆ ಚರ್ಚಿಸಿದರು.

ಜೀವಕನ ಉಪಾಯ ಹಿತಕ್ಕಾಗಿ ಹೇಳಿದ ಸುಳ್ಳು. ಇಂದಿನ ಸಂಶೋಧನೆ ಅಂಥ ಸುಳ್ಳನ್ನೂ ಒಪ್ಪದು. ಭಾರತದಲ್ಲಿ 2009ರ ಜೂನ್ 15ರಿಂದ ಔಷಧಿಗಳ ಪರೀಕ್ಷೆಯನ್ನು ಸಾರ್ವಜನಿಕವಾದ ದಾಖಲೆಯಲ್ಲಿ ಮೊದಲೇ ನಮೂದಿಸುವುದು ಕಡ್ಡಾಯವಾಯಿತು. 2019ರ ನಿಯಮಗಳಂತೆ ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ವಿಷಯವನ್ನು ವಿವರಿಸತಕ್ಕದ್ದು. ರೋಗಿಗೆ ಪ್ರಜ್ಞೆಯಿಲ್ಲದಿದ್ದರೆ ನ್ಯಾಯಸಮ್ಮತನಾದ ಪ್ರತಿನಿಧಿಯಿಂದ ಒಪ್ಪಿಗೆ ಪಡೆಯತಕ್ಕದ್ದು. ಓದು ಬಾರದವರಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿ ಇರತಕ್ಕದ್ದು. ಪರೀಕ್ಷೆಯಿಂದಲೇ ಹಾನಿಯಾದರೆ ಪರಿಹಾರವುಂಟು. ಒಪ್ಪಿದವನು ಯಾವಾಗ ಬೇಕಾದರೂ ಹಿಂದೆಗೆಯಬಹುದು. ಅದರಿಂದ ಅವನ ಚಿಕಿತ್ಸೆಗೆ ಲೋಪ ಬರಕೂಡದು. ಆದರೆ ನಡುರಾತ್ರಿ ಹುಬ್ಬಳ್ಳಿಯ ಆಸ್ಪತ್ರೆಯ ಪಡಸಾಲೆಯಲ್ಲಿ, ಅಳುತ್ತ ನಿಂತ ತಂದೆಯ ಕೈಗೆ ಕಾಗದವನ್ನು ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ, ನಿಯಮದ ಅಕ್ಷರ ಉಳಿದು ಪ್ರಾಣ ಹೋದಂತೆ. ಕೊಂಕಣಿಯಲ್ಲಿಯೋ ಮರಾಠಿಯಲ್ಲಿಯೋ ನಾಲ್ಕು ಮಾತು ವಿವರಿಸುವ ಒಬ್ಬನು ಅಲ್ಲಿರಬೇಕು. ಆ ತಂದೆಯ ಸಂಗಡ ಹೋದ ವಿದ್ಯಾವಂತರು ತಾವಾಗಿದ್ದರೆ ಧೈರ್ಯವಾಗಿ ಕೇಳಿ: ಇದು ಚಿಕಿತ್ಸೆಯ ಒಪ್ಪಿಗೆಯೋ, ಸಂಶೋಧನೆಯದೋ? ಒಪ್ಪದಿದ್ದರೆ ಏನಾಗುತ್ತದೆ? ಬದುಕಿದರೆ ಹೇಗೆ ಬದುಕುತ್ತಾನೆ?

ಕೊನೆಯ ಪ್ರಶ್ನೆ ಸಣ್ಣದಲ್ಲ. ಮಿದುಳಿನ ಒತ್ತಡ ಯಾವ ಔಷಧಿಗೂ ಇಳಿಯದಾಗ ಬುರುಡೆಯ ದೊಡ್ಡ ಭಾಗವನ್ನು ತೆಗೆದಿಟ್ಟು ಮಿದುಳಿಗೆ ಎಡೆಮಾಡಿಕೊಡುವ ಶಸ್ತ್ರಕ್ರಿಯೆಯೊಂದುಂಟು. 2016ರಲ್ಲಿ ಪ್ರಕಟವಾದ 408 ಜನರ ಪರೀಕ್ಷೆಯಲ್ಲಿ, ಆರು ತಿಂಗಳೊಳಗಿನ ಸಾವು ಇದರಿಂದ ನೂರಕ್ಕೆ 48.9ರಿಂದ 26.9ಕ್ಕೆ ಇಳಿಯಿತು. ಆದರೆ ಉಸಿರಿದ್ದೂ ಅರಿವಿಲ್ಲದೆ ಮಲಗಿಬಿಟ್ಟವರ ಪ್ರಮಾಣ 2.1ರಿಂದ 8.5ಕ್ಕೆ ಏರಿತು. ಈ ಎರಡು ಲೆಕ್ಕಗಳನ್ನೂ ಮನೆಯವರ ಮುಂದಿಡುವುದೇ ನಿಜವಾದ ಕರುಣೆ.

ನಮ್ಮ ನಾಡಿನಲ್ಲಿ ಈ ವಿದ್ಯೆಗೆ ನೆಲೆಯಾದದ್ದು ಬೆಂಗಳೂರಿನ ನಿಮ್ಹಾನ್ಸ್. ಅದರ ಪೂರ್ವರೂಪವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಆರ್. ಮಾರ್ತಾಂಡ ವರ್ಮ ಅವರು 1958ರಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗವನ್ನು ತೆರೆದರು. 1974ರಲ್ಲಿ ಆ ಸಂಸ್ಥೆಯೂ ಹಿಂದಿನ ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ 1995ರಲ್ಲಿ ಮಿದುಳಿನ ಭಂಡಾರವೂ ಸ್ಥಾಪಿತವಾಯಿತು. ಬಂಧುಗಳು ದಾನಮಾಡಿದ ಮಿದುಳುಗಳು ಅಲ್ಲಿ ಅಧ್ಯಯನಕ್ಕೆ ಒದಗುತ್ತವೆ. 2022ರಲ್ಲಿ ಕರ್ನಾಟಕ ಸರ್ಕಾರವೂ ನಿಮ್ಹಾನ್ಸೂ ಕೂಡಿ, ಜಿಲ್ಲೆಗಳ ವೈದ್ಯರನ್ನು ಮಿದುಳಿನ ರೋಗಗಳಲ್ಲಿ ತರಬೇತುಗೊಳಿಸುವ ಕಾರ್ಯವನ್ನು ಆರಂಭಿಸಿದುವು. ದಾಂಡೇಲಿಯವನಿಗೆ ಬೆಂಗಳೂರು ದೂರ. ಬೆಂಗಳೂರಿನ ತಿಳಿವಳಿಕೆ ದಾಂಡೇಲಿಗೆ ಬರುವುದೇ ಸರಿಯಾದ ದಾರಿ.

ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದವನ ಮಾತನ್ನು ಯಾರೂ ಹೆಚ್ಚಾಗಿ ಆಡುವುದಿಲ್ಲ. ಗಾಯ ಮಾಯ್ದಿರುತ್ತದೆ, ಕೂದಲು ಬೆಳೆದಿರುತ್ತದೆ. ಆದರೆ ಅವನು ಮರೆಯುತ್ತಾನೆ, ಸಿಡುಕುತ್ತಾನೆ, ಸದ್ದನ್ನು ಸಹಿಸನು, ಬೇಗ ದಣಿಯುತ್ತಾನೆ. ಮನೆಯವರು ಸೋಮಾರಿಯೆಂದೋ ದೆವ್ವ ಹಿಡಿಯಿತೆಂದೋ ಭಾವಿಸುವುದುಂಟು. ಇವೆಲ್ಲವೂ ಮಿದುಳಿನ ಗಾಯದ ಶೇಷಗಳು; ಅನೇಕರಲ್ಲಿ ತಿಂಗಳುಗಳು ಕಳೆದಂತೆ ಕಡಮೆಯಾಗುತ್ತವೆ. ಅಪಸ್ಮಾರಕ್ಕೆ ವೈದ್ಯರು ಕೊಟ್ಟ ಮಾತ್ರೆಯನ್ನು ತಾನಾಗಿ ನಿಲ್ಲಿಸಕೂಡದು. ಮರ ಹತ್ತುವುದು, ಬೈಕು ನಡೆಸುವುದು, ಒಬ್ಬನೇ ಹೊಳೆಗೆ ಇಳಿಯುವುದು, ಇವು ವೈದ್ಯರ ಅಪ್ಪಣೆಯಾಗುವ ತನಕ ಬೇಡ. ಮರಳಿ ತೋರಿಸಿಕೊಳ್ಳಲು ಬಾ ಎಂದು ಹೇಳಿ ಕಳುಹಿಸುವ ಆಸ್ಪತ್ರೆಯವರು, ಒಮ್ಮೆ ಬರುವುದಕ್ಕೆ ಜೋಯಿಡಾದ ಕೂಲಿಯವನಿಗೆ ಒಂದು ದಿನದ ಕೂಲಿಯೂ ಇಬ್ಬರ ಬಸ್ ಖರ್ಚೂ ತಗಲುವುದೆಂಬುದನ್ನು ಎಣಿಸಬೇಕು.

ಕಡೆಯದಾಗಿ ಕೆಲವು ಮಾತುಗಳನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ತಲೆಗೆ ಪೆಟ್ಟು ಬಿದ್ದು ಒಂದು ಕ್ಷಣವಾದರೂ ಎಚ್ಚರ ತಪ್ಪಿದ್ದವನನ್ನು, ಅವನು ಎಷ್ಟೇ ಚೆನ್ನಾಗಿ ಮಾತನಾಡಲಿ, ವೈದ್ಯರಿಗೆ ತೋರಿಸದೆ ಮಲಗಿಸಬೇಡಿ. ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ಸೆಳೆತ, ಕಿವಿಮೂಗುಗಳಿಂದ ನೀರು ಅಥವಾ ರಕ್ತ, ಇವುಗಳಲ್ಲಿ ಒಂದು ಕಂಡರೂ ಕೂಡಲೆ 108ಕ್ಕೆ ಕರೆಮಾಡಿ. ಕುತ್ತಿಗೆ ಅಲುಗದಂತೆ ಎತ್ತಿ. ಮಂಪರಿನಲ್ಲಿರುವವನ ಬಾಯಿಗೆ ನೀರು ಹೊಯ್ಯಬೇಡಿ. ಹೆಂಡದ ವಾಸನೆ ಬಂದಿತೆಂದು, ಕುಡಿದು ಬಿದ್ದಿದ್ದಾನೆ ಎಂದು ಬಿಟ್ಟುಹೋಗಬೇಡಿ. ಕುಡಿದವನ ಬುರುಡೆಯೊಳಗೂ ರಕ್ತ ಸೋರಬಲ್ಲದು. ಪೋಲೀಸರ ತೊಂದರೆಗೆ ಅಂಜಬೇಡಿ; ಗಾಯಾಳುವಿಗೆ ನೆರವಾದವರನ್ನು ಪೀಡಿಸಕೂಡದೆಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿದೆ, 2019ರ ಮೋಟಾರು ಕಾಯಿದೆಯ ತಿದ್ದುಪಡಿಯೂ ಅದನ್ನು ಸಮರ್ಥಿಸಿದೆ. ಹೆಲ್ಮೆಟ್ಟಿನ ಬೆಲೆ ಒಂದು ಜೊತೆ ಒಳ್ಳೆಯ ಪಾದರಕ್ಷೆಯ ಬೆಲೆಗಿಂತ ಬಹಳ ಹೆಚ್ಚಲ್ಲವೆಂಬುದನ್ನು ಮನೆಯ ಹುಡುಗರಿಗೆ ನೆನಪಿಸಿ.

ನಾವು ಕಲ್ಪಿಸಿಕೊಂಡ ಆ ಯುವಕನನ್ನು ಉಳಿಸಲು ಅಪೂರ್ವವಾದ ಪಾಂಡಿತ್ಯವೇನೂ ಬೇಕಿರಲಿಲ್ಲ. ಅವನು ಮಲಗುವುದಕ್ಕೆ ಮುಂಚೆ, ಇವನನ್ನು ಈಗಲೇ ಹುಬ್ಬಳ್ಳಿಗೆ ಒಯ್ಯೋಣ ಎಂದು ಹೇಳುವ ಒಬ್ಬನು ಅಲ್ಲಿದ್ದಿದ್ದರೆ ಸಾಕಾಗಿತ್ತು. ಈ ಭಾಷಣವನ್ನು ಕೇಳಿದವರಲ್ಲಿ ಒಬ್ಬರು ಎಂದಾದರೂ ಒಂದು ರಾತ್ರಿ ಆ ಮಾತನ್ನು ಹೇಳುವಂತಾದರೆ ನನ್ನ ಶ್ರಮ ಸಾರ್ಥಕ.